ಪ್ರತಿ ಇಟ್ಟುಕೊಳ್ಳುವ ಋಣ

ಪೊನ್ನನ ಎರಡು ದೊಡ್ಡ ಕಾವ್ಯಗಳಲ್ಲಿ ಒಂದು ನಮ್ಮವರೆಗೆ ಬಂತು, ಇನ್ನೊಂದು ದಾರಿಯಲ್ಲೇ ಕಳೆದುಹೋಯಿತು. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮನ್ನಣೆ ಪಡೆದ ಕವಿ ಅವನು. ‘ಶಾಂತಿಪುರಾಣ’ ಅಚ್ಚಾಗಿದೆ, ತರಗತಿಗಳಲ್ಲಿ ಪಾಠವಾಗುತ್ತದೆ. ‘ಭುವನೈಕರಾಮಾಭ್ಯುದಯ’ ಸಾಹಿತ್ಯ ಚರಿತ್ರೆಯಲ್ಲಿ ಬಹುಮಟ್ಟಿಗೆ ಒಂದು ಹೆಸರಾಗಿ ಮಾತ್ರ ಉಳಿದಿದೆ. ಮೊದಲನೆಯ ಕಾವ್ಯದ ಬೆನ್ನಿಗೆ ಅತ್ತಿಮಬ್ಬೆ ಇದ್ದಳು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು ಎಂದು ಪರಂಪರೆ ಅವಳನ್ನು ನೆನೆಯುತ್ತದೆ. 993ರಲ್ಲಿ ರನ್ನನಿಂದ ‘ಅಜಿತಪುರಾಣ’ ಬರೆಯಿಸಿದವಳೂ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳೂ ಅವಳೇ. ಸಾವಿರ ಪ್ರತಿ ಹಂಚಿದ್ದರಿಂದಲೇ ಆ ಕಾವ್ಯ ಉಳಿಯಿತು ಎಂದು ಸಾಧಿಸಿ ತೋರಿಸಲು ಬರುವುದಿಲ್ಲ. ಆದರೆ ಓಲೆಗರಿಗೆ ಗೆದ್ದಲು, ಬೆಂಕಿ, ಮಳೆಗಾಲ ಮೂರೂ ಶತ್ರುಗಳಾಗಿದ್ದ ನಾಡಿನಲ್ಲಿ, ಒಂದೂರಿನ ಕಪಾಟು ಹಾಳಾದರೆ ಇನ್ನೊಂದೂರಿನದು ಇರಲಿ ಎಂಬ ಲೆಕ್ಕ ಅವಳಿಗೆ ಗೊತ್ತಿತ್ತು.

ಜೈನರಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಮೊದಲ ಮೂರರ ಪಕ್ಕದಲ್ಲಿ ಪುಸ್ತಕವನ್ನು ಇಟ್ಟದ್ದು ಸಣ್ಣ ಮಾತಲ್ಲ. ಅನ್ನ ಕೊಟ್ಟವನ ಪಾತ್ರೆ ಅಷ್ಟರಮಟ್ಟಿಗೆ ಬರಿದಾಗುತ್ತದೆ. ಶಾಸ್ತ್ರ ಕೊಟ್ಟವನ ಬಳಿ ಶಾಸ್ತ್ರ ಇದ್ದೇ ಇರುತ್ತದೆ. ಕೊಟ್ಟರೂ ಕೊಟ್ಟವನಲ್ಲೇ ಉಳಿಯುವ ವಸ್ತುವನ್ನು ಕೊಡುವುದು ಯಾವ ಅರ್ಥದಲ್ಲಿ ದಾನ? ಅದನ್ನು ತನ್ನಲ್ಲಿ ಇಟ್ಟುಕೊಂಡು, ಕೇಳಿದವರಿಗೆ ಸಿಗುವಂತೆ ನೋಡಿಕೊಳ್ಳುವುದು ಪುಣ್ಯಕಾರ್ಯವೋ, ಓದಿದವನ ಮೇಲಿರುವ ಸಾಲವೋ?

ಸಾವಿರ ವರ್ಷದ ಈ ಪ್ರಶ್ನೆ ಈಗ ಬಿಟಿಎಂ ಲೇಔಟಿನ, ಜೆ.ಪಿ. ನಗರದ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ರೂಪದಲ್ಲಿ ಎದ್ದಿದೆ. ಒಂದು ಫೈಲನ್ನು ಯಾವುದೋ ಒಂದು ಕಂಪನಿಯ ಸರ್ವರ್‌ನಲ್ಲಿ ಇಡುವ ಬದಲು, ಅದನ್ನು ಓದುತ್ತಿರುವವರ ಬ್ರೌಸರ್‌ಗಳಲ್ಲೇ ತುಣುಕು ತುಣುಕಾಗಿ ಇಟ್ಟು, ಒಬ್ಬರಿಂದ ಒಬ್ಬರಿಗೆ ನೇರವಾಗಿ ದಾಟಿಸಬಹುದೇ? ಬೇರೆ ತಂತ್ರಾಂಶ ಹಾಕಿಸಿಕೊಳ್ಳದೆ, ಒಂದು ಟ್ಯಾಬ್ ತೆರೆದರೆ ಸಾಕು ಎನ್ನುವಂತೆ ಇದನ್ನು ಮಾಡಬಹುದೇ? ದಕ್ಷಿಣ ಬೆಂಗಳೂರಿನಲ್ಲಿ ಇಂಥ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಬಲ್ಲ ಎಂಜಿನಿಯರುಗಳಿಗೂ ಶಾಸ್ತ್ರದಾನ ಎಂದರೇನೆಂದು ಬಲ್ಲ ಹಿರಿಯರಿಗೂ ಕೊರತೆಯಿಲ್ಲ. ಇಬ್ಬರೂ ಬಹಳ ಸಲ ಒಂದೇ ಮನೆಯಲ್ಲಿ ಇರುತ್ತಾರೆ.

ತಂತ್ರಜ್ಞಾನ ಕೈಗೆಟುಕದ ದೂರದಲ್ಲೇನೂ ಇಲ್ಲ. 2001ರಲ್ಲಿ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ರೂಪಿಸಿದ. ದೊಡ್ಡ ಫೈಲನ್ನು ಸಣ್ಣ ತುಣುಕುಗಳಾಗಿ ಒಡೆದು, ಪಡೆಯುತ್ತಿರುವವರೇ ಕೊಡುವವರೂ ಆಗುವ ಏರ್ಪಾಡು ಅದು. 2011ರಲ್ಲಿ ಗೂಗಲ್ ವೆಬ್‌ಆರ್‌ಟಿಸಿಯನ್ನು ಮುಕ್ತವಾಗಿ ಬಿಟ್ಟಿತು. ಇದರಿಂದ ಎರಡು ಬ್ರೌಸರ್‌ಗಳು ಒಮ್ಮೆ ಪರಸ್ಪರ ಗುರುತು ಸಿಕ್ಕಮೇಲೆ, ಹೆಚ್ಚಿನ ಸಲ ನಡುವೆ ಸರ್ವರ್ ಇಲ್ಲದೆಯೇ ಮಾತಾಡಿಕೊಳ್ಳುವುದು ಸಾಧ್ಯವಾಯಿತು. ಈ ಎರಡನ್ನೂ ಹೊಲಿದು ಫೆರೋಸ್ ಅಬೂಖಡಿಜೆ ವೆಬ್‌ಟೊರೆಂಟ್ ಮಾಡಿದರು. 2021ರ ಜನವರಿಯಲ್ಲಿ ವೆಬ್‌ಆರ್‌ಟಿಸಿ ಜಾಲದ ಅಧಿಕೃತ ಮಾನದಂಡವಾಯಿತು. ಜಯನಗರದಲ್ಲಿ ಒಬ್ಬರು ಕ್ರೋಮ್‌ನಲ್ಲಿ ತೆರೆದ ಹಳೆಯ ಕನ್ನಡ ಪುಸ್ತಕದ ಪುಟಗಳು ಬನಶಂಕರಿಯ ಇನ್ನೊಬ್ಬರಿಗೆ ಅವರಿಂದಲೇ ನೇರವಾಗಿ ಹೋಗುವುದಕ್ಕೆ ಬೇಕಾದ ಸಲಕರಣೆ ಹೀಗೆ ಎಲ್ಲರ ಬ್ರೌಸರ್‌ನಲ್ಲೂ ಈಗಾಗಲೇ ಇದೆ.

ಇಂಥ ಏರ್ಪಾಡು ಬೇಕೆಂಬುದು 2024ರ ಅಕ್ಟೋಬರ್‌ನಲ್ಲಿ ಮನದಟ್ಟಾಯಿತು. ಆ ತಿಂಗಳು ಡಿಜಿಟಲ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್ ಮೇಲೆ ದೊಡ್ಡ ದಾಳಿ ನಡೆಯಿತು. 3 ಕೋಟಿಗೂ ಹೆಚ್ಚು ಬಳಕೆದಾರರ ಖಾತೆಗಳ ಮಾಹಿತಿ ಸೋರಿತು, ತಾಣ ಕೆಲವು ದಿನ ಬಾಗಿಲು ಮುಚ್ಚಿತು. ಕನ್ನಡದ ಸಂಶೋಧಕರಿಗೆ ಇದು ಸ್ಯಾನ್ ಫ್ರಾನ್ಸಿಸ್ಕೊದ ಸುದ್ದಿ ಮಾತ್ರ ಆಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಲ್ಲಿ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲ ತಾಣ ನಿಂತಮೇಲೆ, ಅದರಲ್ಲಿದ್ದ ಲಕ್ಷಗಟ್ಟಲೆ ಪುಸ್ತಕಗಳು ಓದುಗರಿಗೆ ಸಿಗುತ್ತಿರುವುದು ಅದೇ ಆರ್ಕೈವ್‌ನಲ್ಲಿ. ಅಮೆರಿಕದ ಕಾರ್ಲ್ ಮಲಮೂದ್ ಆ ಪುಸ್ತಕಗಳ ಪ್ರತಿ ಮಾಡಿ ಅಲ್ಲಿ ಇಟ್ಟಿರದಿದ್ದರೆ ಎಷ್ಟೋ ಕನ್ನಡ ಪುಸ್ತಕಗಳ ಸ್ಕ್ಯಾನ್ ಕಣ್ಮರೆಯಾಗುತ್ತಿತ್ತು. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗ ಸ್ಕ್ಯಾನ್ ಮಾಡುವ ಪುಸ್ತಕಗಳೂ ಅಲ್ಲಿಗೇ ಸೇರುತ್ತವೆ. ಇಷ್ಟೆಲ್ಲ ಶ್ರಮ ಒಂದೇ ವಿಳಾಸದಲ್ಲಿ ಬಂದು ನಿಂತಿದೆ.

ಆರ್ಕೈವ್‌ನವರಿಗೂ ಈ ಅಪಾಯ ಮೊದಲೇ ಗೊತ್ತಿತ್ತು. 2012ರಿಂದ ಅವರು ತಮ್ಮ ಲಕ್ಷಾಂತರ ಕಡತಗಳಿಗೆ ಟೊರೆಂಟ್ ಕೊಡುತ್ತಿದ್ದಾರೆ. 2018ರ ಹೊತ್ತಿಗೆ ವೆಬ್‌ಟೊರೆಂಟ್, ಐಪಿಎಫ್‌ಎಸ್ ಮೊದಲಾದ ಹಂಚಿ ಇಡುವ ಏರ್ಪಾಡುಗಳನ್ನು ಬಳಸಿ ತಮ್ಮ ತಾಣವನ್ನೇ ಓದುಗರ ಬ್ರೌಸರ್‌ಗಳಿಂದ ನಡೆಸಿ ನೋಡುವ ಪ್ರಯೋಗವನ್ನೂ ಮಾಡಿದರು. ಹಳೆಯ ಕನ್ನಡ ಗ್ರಂಥವೊಂದರ ಆರ್ಕೈವ್ ಪುಟಕ್ಕೆ ಹೋಗಿ ನೋಡಿದರೆ, ಇಳಿಸಿಕೊಳ್ಳುವ ಆಯ್ಕೆಗಳ ಸಾಲಿನಲ್ಲಿ ಟೊರೆಂಟ್ ಎಂಬುದೂ ಕಾಣುತ್ತದೆ. ಹೆಚ್ಚಿನವರು ಪಿಡಿಎಫ್ ಒತ್ತಿ ಹೊರಡುತ್ತಾರೆ.

ಇಲ್ಲಿ ಇಡೀ ಸಮಸ್ಯೆಯ ತಿರುಳಿದೆ. ಬ್ರೌಸರ್ ಎಂಬುದು ಮನುಷ್ಯ ಬಂದು ಹೋಗುವ ಜಾಗ. ಓದಿ ಮುಗಿಯಿತು, ಟ್ಯಾಬ್ ಮುಚ್ಚಿದ. ಅಲ್ಲಿಗೆ ಅವನು ಇಟ್ಟುಕೊಂಡಿದ್ದ ತುಣುಕುಗಳೂ ಜಾಲದಿಂದ ಮಾಯ. ಇಟ್ಟುಕೊಳ್ಳುವ ಮನಸ್ಸಿದ್ದರೂ ಬ್ರೌಸರ್ ಬಿಡುವುದಿಲ್ಲ. ಫೈರ್‌ಫಾಕ್ಸ್ ಸಾಮಾನ್ಯವಾಗಿ ಒಂದು ತಾಣಕ್ಕೆ ಡಿಸ್ಕಿನ ಶೇ 10 ಅಥವಾ 10 ಜಿಬಿ, ಯಾವುದು ಕಡಿಮೆಯೋ ಅಷ್ಟು ಜಾಗ ಕೊಡುತ್ತದೆ. ಜಾಗ ಸಾಲದಾದಾಗ, ಬಹಳ ದಿನದಿಂದ ಮುಟ್ಟದ ತಾಣದ ಸಂಗ್ರಹವನ್ನು ಕೇಳದೆಯೇ ಅಳಿಸುತ್ತದೆ. ಆ್ಯಪಲ್‌ನ ಸಫಾರಿ 2020ರಿಂದ ಇನ್ನೂ ಕಟ್ಟುನಿಟ್ಟು: ಬ್ರೌಸರ್ ಬಳಸುತ್ತಿದ್ದೂ ಏಳು ದಿನ ಆ ತಾಣವನ್ನು ಮುಟ್ಟದಿದ್ದರೆ ಅದು ಬರೆದಿಟ್ಟದ್ದೆಲ್ಲ ಹೋಗುತ್ತದೆ. ಜಾಹೀರಾತಿನವರು ಜನರ ಹಿಂದೆ ಬೀಳದಿರಲಿ ಎಂದು ಮಾಡಿದ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ಪುಸ್ತಕ ಕಾಯಲು ಕುಳಿತವನಿಗೂ ಅದೇ ನಿಯಮ ಅನ್ವಯಿಸುತ್ತದೆ. ಬ್ರೌಸರ್ ಮಾಡುವವರ ಬೆಂಬಲವೂ ನೆಚ್ಚುವಂಥದ್ದಲ್ಲ: ಬ್ರೇವ್ 2021ರಲ್ಲಿ ಐಪಿಎಫ್‌ಎಸ್ ಅನ್ನು ಒಳಗೇ ಸೇರಿಸಿಕೊಂಡಿತು, 2024ರಲ್ಲಿ ಹೊರಹಾಕಿತು.

ಹಾಗಾದರೆ ದಕ್ಷತೆಯಿಂದ ಮಾಡುವುದು ಹೇಗೆ? ಕಾಳಜಿಯುಳ್ಳ ಎಂಜಿನಿಯರ್ ಮಾಡುವುದೆಲ್ಲ ಇಟ್ಟುಕೊಳ್ಳುವವನ ಹೊರೆ ಇಳಿಸುವ ಕೆಲಸವೇ. ಬ್ರೌಸರ್‌ನ ಹಳೆಯ ದತ್ತಸಂಗ್ರಹದ ಬದಲು, ತಾಣಕ್ಕೆಂದೇ ಮೀಸಲಾದ ಖಾಸಗಿ ಕಡತವ್ಯವಸ್ಥೆಯಲ್ಲಿ ಬರೆಯುತ್ತಾನೆ. ಅದನ್ನೂ ಹಿನ್ನೆಲೆಯ ವರ್ಕರ್‌ನಲ್ಲಿ ಬರೆಯುತ್ತಾನೆ, ಓದುತ್ತಿರುವವರ ಪುಟ ತಡವರಿಸದಿರಲಿ ಎಂದು. ತುಣುಕನ್ನು 16 ಕಿಲೋಬೈಟ್‌ನಷ್ಟು ಸಣ್ಣ ಸಣ್ಣ ಸಂದೇಶಗಳಾಗಿ ಕಳಿಸುತ್ತಾನೆ. ಆಚೆ ಬದಿಯವರು ನುಂಗುವ ಮೊದಲೇ ಇನ್ನಷ್ಟು ತುರುಕದಂತೆ ಸಾಲು ಎಷ್ಟು ಉದ್ದವಾಗಿದೆ ಎಂದು ನೋಡುತ್ತಿರುತ್ತಾನೆ. ಬಂದ ತುಣುಕಿನ ಹ್ಯಾಶ್ ಎಂಬ ಬೆರಳಗುರುತನ್ನು ತಾಳೆ ನೋಡಿ, ಒಂದು ಅಕ್ಷರ ವ್ಯತ್ಯಾಸವಾಗಿದ್ದರೂ ಎಸೆದು ಬೇರೆಯವರನ್ನು ಕೇಳುತ್ತಾನೆ. ಜಾಲದಲ್ಲಿ ಅತಿ ವಿರಳವಾಗಿರುವ ತುಣುಕನ್ನು ಮೊದಲು ತರಿಸುತ್ತಾನೆ. ಮನೆಯ ರೂಟರ್‌ಗಳು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕುಳಿತ ಕಾವಲುಗಾರರಂತೆ. ಒಳಗಿನವರು ಕರೆಯದೆ ಹೊರಗಿನವರನ್ನು ಬಿಡುವುದಿಲ್ಲ. ಇಬ್ಬರೂ ಒಳಗಿನಿಂದ ಒಂದೇ ಹೊತ್ತಿಗೆ ಕರೆಯುವಂತೆ ಮಾಡಿ ಬಾಗಿಲು ತೆರೆಸಬೇಕಾಗುತ್ತದೆ. ಅದೂ ಆಗದಿದ್ದಲ್ಲಿ ನಡುವೆ ಒಂದು ಸರ್ವರ್ ನಿಂತು ದಾಟಿಸಬೇಕು.

ಇನ್ನು ಎಷ್ಟು ಪ್ರತಿ ಎಂಬ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ಪುಸ್ತಕದ ಪೂರ್ಣ ಪ್ರತಿ ಮೂರು ಬ್ರೌಸರ್‌ಗಳಲ್ಲಿದೆ, ಪ್ರತಿಯೊಂದೂ ಅರ್ಧ ಹೊತ್ತು ಮಾತ್ರ ತೆರೆದಿರುತ್ತದೆ ಎಂದುಕೊಳ್ಳೋಣ. ಮೂರೂ ಒಟ್ಟಿಗೆ ಮುಚ್ಚಿರುವ ಸಾಧ್ಯತೆ ಎಂಟರಲ್ಲಿ ಒಂದು. ಹತ್ತು ಬ್ರೌಸರ್‌ಗಳಾದರೆ 1,024ರಲ್ಲಿ ಒಂದು. ಜಾಗ ಉಳಿಸಲು ಇನ್ನೊಂದು ಉಪಾಯವಿದೆ. 1960ರಲ್ಲಿ ರೀಡ್ ಮತ್ತು ಸಾಲಮನ್ ಕೊಟ್ಟ ಗಣಿತದಂತೆ ಪುಸ್ತಕವನ್ನು ಹತ್ತು ಪಾಲು ಮಾಡಿ, ಅದಕ್ಕೆ ನಾಲ್ಕು ಹೆಚ್ಚುವರಿ ಪಾಲು ಲೆಕ್ಕಹಾಕಿ ಸೇರಿಸಿದರೆ, ಹದಿನಾಲ್ಕರಲ್ಲಿ ಯಾವುದೇ ಹತ್ತು ಸಿಕ್ಕರೂ ಇಡೀ ಪುಸ್ತಕ ಮತ್ತೆ ಸಿದ್ಧ. ಮೂರು ಪಟ್ಟು ಜಾಗದ ಬದಲು 1.4 ಪಟ್ಟು ಸಾಕು. ಫೇಸ್‌ಬುಕ್ ತನ್ನ ಹಳೆಯ ಫೋಟೊಗಳನ್ನು ಇಟ್ಟದ್ದು ಇದೇ ಅಳತೆಯಲ್ಲಿ. ಸದಾ ನಡೆಯುವ ಯಂತ್ರಗಳಿಗೆ, ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಹೊತ್ತು ಸಿಗುವಂಥವಕ್ಕೆ, ಇದಕ್ಕಿಂತ ಒಳ್ಳೆಯ ಜಾಣ್ಮೆ ಇಲ್ಲ. ಆದರೆ ಅರ್ಧ ಹೊತ್ತು ಮಾತ್ರ ತೆರೆದಿರುವ ಟ್ಯಾಬ್‌ಗಳಲ್ಲಿ ಇದನ್ನೇ ಮಾಡಿದರೆ? ಹದಿನಾಲ್ಕರಲ್ಲಿ ಹತ್ತು ಒಟ್ಟಿಗೆ ತೆರೆದಿರುವ ಸಾಧ್ಯತೆ ಶೇ 9ರಷ್ಟೇ. ನೂರು ಸಲ ಕೇಳಿದರೆ ತೊಂಬತ್ತೊಂದು ಸಲ ಪುಸ್ತಕ ಸಿಗುವುದಿಲ್ಲ.

ಬಂದು ಹೋಗುವವರ ನಡುವೆ ಮಿತವ್ಯಯದ ಜಾಣ್ಮೆ ಸೋಲುತ್ತದೆ, ಇಡೀ ಪುಸ್ತಕವನ್ನೇ ಹಲವರ ಕೈಗೆ ಕೊಡುವ ಧಾರಾಳತನ ಗೆಲ್ಲುತ್ತದೆ. ಅತ್ತಿಮಬ್ಬೆ ಅಧ್ಯಾಯಕ್ಕೊಬ್ಬರಂತೆ ಹಂಚದೆ ಪೂರ್ತಿ ಪುರಾಣವನ್ನೇ ಬರೆಯಿಸಿ ಕೊಟ್ಟದ್ದನ್ನು ಈ ಗಣಿತದ ಬೆಳಕಿನಲ್ಲಿ ನೋಡಿದರೆ ಗೌರವ ಇಮ್ಮಡಿಸುತ್ತದೆ.

ಲೆಕ್ಕದಲ್ಲಿ ಒಂದು ಸಡಿಲವಿದೆ. ಒಬ್ಬರ ಟ್ಯಾಬ್ ಮುಚ್ಚುವುದಕ್ಕೂ ಇನ್ನೊಬ್ಬರದು ಮುಚ್ಚುವುದಕ್ಕೂ ಸಂಬಂಧವಿಲ್ಲ ಎಂದು ಅದು ಹಿಡಿದುಕೊಂಡಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರ ಎಲ್ಲವೂ ಒಂದೇ ರಾತ್ರಿ ಮಲಗುತ್ತವೆ. ಕರೆಂಟು ಹೋದರೆ ಬೀದಿಗೆ ಬೀದಿಯೇ ಆರುತ್ತದೆ. ಇದಕ್ಕೆ ಮದ್ದು ಹೊರನಾಡಿನ ಕನ್ನಡಿಗರ ಬಳಿ ಇದೆ. ಬೆಂಗಳೂರಿನಲ್ಲಿ ಮಧ್ಯರಾತ್ರಿ ಕಳೆದು ಎರಡು ಗಂಟೆಯಾದಾಗ ಕ್ಯಾಲಿಫೋರ್ನಿಯದಲ್ಲಿ ಹಿಂದಿನ ದಿನದ ಮಧ್ಯಾಹ್ನ. ಒಂದೇ ಮನೆತನದ ಒಬ್ಬ ಮಗಳು ಬನಶಂಕರಿ ಎರಡನೇ ಹಂತದಲ್ಲೂ ಇನ್ನೊಬ್ಬಳು ಸ್ಯಾನ್ ಹೊಸೆಯಲ್ಲೂ ಇರುವುದು ಈ ಭಾಗದಲ್ಲಿ ತೀರ ಮಾಮೂಲು. ಪುಸ್ತಕ ಕಾಯುವ ಪಾಳಿಗೆ ಇದಕ್ಕಿಂತ ಒಳ್ಳೆಯ ಹಂಚಿಕೆ ಬೇಕಿಲ್ಲ.

ಟ್ಯಾಬ್ ತೆರೆದಿಡು ಎಂದು ಯಾರನ್ನಾದರೂ ಯಾವ ನ್ಯಾಯದಿಂದ ಕೇಳುವುದು? ಬಿಟ್‌ಟೊರೆಂಟ್ ಇದಕ್ಕೆ ಕಂಡುಕೊಂಡ ಉತ್ತರ ಕೊಡು-ಕೊಳ್ಳುವಿಕೆ. ಯಾರು ತನಗೆ ಚೆನ್ನಾಗಿ ಕೊಡುತ್ತಿದ್ದಾರೋ ಅವರಿಗೇ ತಾನೂ ಕೊಡುವುದು, ಪ್ರತಿ ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ನೋಡುವುದು. ಇಷ್ಟೇ ಆಗಿದ್ದರೆ ಹೊಸದಾಗಿ ಬಂದವನಿಗೆ ಏನೂ ಸಿಗುತ್ತಿರಲಿಲ್ಲ. ಅವನ ಬಳಿ ಕೊಡಲು ಏನಿದೆ? ಅದಕ್ಕೆ ಕೋಹೆನ್ ಒಂದು ಅಪವಾದ ಇಟ್ಟ. ಸುಮಾರು 30 ಸೆಕೆಂಡಿಗೊಮ್ಮೆ ಯಾರೋ ಒಬ್ಬರನ್ನು ಸುಮ್ಮನೆ ಆರಿಸಿ, ಅವರಿಂದ ಏನೂ ಬಂದಿರದಿದ್ದರೂ ಕೊಡಬೇಕು. ಪೂರ್ತಿ ಫೈಲು ಪಡೆದಮೇಲೂ ಉಳಿದುಕೊಂಡವರಂತೂ ಪ್ರತಿಫಲವಿಲ್ಲದೆಯೇ ಕೊಡುತ್ತಾರೆ. ಲೆಕ್ಕಾಚಾರದ ಮೇಲೆ ನಿಂತ ಜಾಲವೂ ಲೆಕ್ಕವಿಲ್ಲದ ಕೊಡುಗೆಯನ್ನು ಒಳಗಿಟ್ಟುಕೊಳ್ಳದೆ ಬದುಕಲಾರದು ಎಂಬುದು ಧರ್ಮಶಾಸ್ತ್ರದವರೂ ಗಮನಿಸಬೇಕಾದ ಸಂಗತಿ.

ದಾನ ಎಂದರೆ ಕೊಡುವವನ ಮರ್ಜಿ. ಇಂದು ಮನಸ್ಸಿದ್ದರೆ ಉಂಟು, ನಾಳೆ ಇಲ್ಲ. ಗ್ರಂಥಗಳ ಉಳಿವನ್ನು ಮರ್ಜಿಯ ಮೇಲೆ ನಿಲ್ಲಿಸಲಾಗದು. ವೈದಿಕ ಪರಂಪರೆ ಇಲ್ಲಿ ಬೇರೆ ದಾರಿ ಹಿಡಿಯಿತು. ಹುಟ್ಟುವಾಗಲೇ ಮನುಷ್ಯ ದೇವಋಣ, ಪಿತೃಋಣ, ಋಷಿಋಣ ಹೊತ್ತು ಬರುತ್ತಾನೆ ಎಂದಿತು. ಋಷಿಋಣ ತೀರುವುದು ಕಲಿತದ್ದನ್ನು ಅಭ್ಯಾಸ ಮಾಡಿ ಮುಂದಿನವರಿಗೆ ದಾಟಿಸುವುದರಿಂದ. ಇಲ್ಲಿ ಕೊಡುವವನು ಉದಾರಿಯಲ್ಲ, ಸಾಲಗಾರ. ಪುಸ್ತಕವೊಂದನ್ನು ಇಳಿಸಿಕೊಂಡು ಓದಿದವರಿಗೆ ಈ ಭಾವವೇ ಹೆಚ್ಚು ಒಪ್ಪುತ್ತದೆ. ಯಾರೋ ಬರೆದರು, ಯಾರೋ ಮುದ್ರಿಸಿದರು, ಯಾರೋ ಧೂಳು ಕುಡಿಯುತ್ತ ಪುಟಪುಟವನ್ನೂ ಸ್ಕ್ಯಾನ್ ಮಾಡಿದರು, ಯಾರದೋ ಬ್ರೌಸರ್ ಅದನ್ನು ಇಲ್ಲಿಯವರೆಗೆ ತಂದಿತು. ಪಡೆದವನು ಸ್ವಲ್ಪ ಹೊತ್ತು ನಿಂತು ಇನ್ನೊಬ್ಬರಿಗೆ ದಾಟಿಸುವುದು ಬಾಕಿ ತೀರಿಸುವ ಕೆಲಸ.

ಈ ಋಣವನ್ನು ಅಕ್ಷರಶಃ ಬಾಳುವ ಜಾಗವೊಂದು ಬನಶಂಕರಿಯ ಪಕ್ಕದಲ್ಲೇ ಇದೆ. ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಆರಂಭಿಸಿದ ಪೂರ್ಣಪ್ರಜ್ಞ ವಿದ್ಯಾಪೀಠ ಕತ್ರಿಗುಪ್ಪೆಯಲ್ಲಿದೆ. ವಿದ್ಯಾಪೀಠ ಸರ್ಕಲ್‌ಗೆ ಹೆಸರು ಬಂದದ್ದೇ ಅದರಿಂದ. ಹುಡುಗರು ಹತ್ತಾರು ವರ್ಷ ಗುರುಕುಲದಲ್ಲಿದ್ದು ಜಯತೀರ್ಥರ ನ್ಯಾಯಸುಧೆಯವರೆಗೆ ಪಾಠ ಕೇಳುತ್ತಾರೆ, ಪಾಠ ಮುಗಿದಾಗ ಸುಧಾಮಂಗಳ ಎಂಬ ಸಮಾರೋಪ ನಡೆಯುತ್ತದೆ. ಅಲ್ಲಿಂದ ಹೊರಬಂದ ವಿದ್ವಾಂಸನ ಬಳಿ ಗ್ರಂಥದ ತುಣುಕಿರುವುದಿಲ್ಲ, ಗ್ರಂಥವೇ ಇರುತ್ತದೆ. ಅದರ ಮೇಲೆ ಬಂದ ಆಕ್ಷೇಪ, ಸಮಾಧಾನಗಳೂ ಇರುತ್ತವೆ.

ಬ್ರೌಸರ್‌ಗೂ ಆ ವಿದ್ವಾಂಸನಿಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಹಿಂದೆ ಪ್ರತಿ ಮಾಡುವುದೆಂದರೆ ಓದುವುದೇ ಆಗಿತ್ತು. ಲಿಪಿಕಾರ ತಪ್ಪಿದರೆ ಪಾಠಾಂತರ ಹುಟ್ಟುತ್ತಿತ್ತು, ಮುಂದಿನ ಸಂಪಾದಕರು ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು. ಆದರೂ ಆ ಅಕ್ಷರಗಳು ಒಬ್ಬ ಮನುಷ್ಯನ ಮನಸ್ಸಿನ ಮೂಲಕ ಹಾದುಹೋಗುತ್ತಿದ್ದವು. ಹ್ಯಾಶ್ ತಾಳೆ ನೋಡುವ ಯಂತ್ರ ಒಂದು ಚುಕ್ಕೆಯನ್ನೂ ತಪ್ಪುವುದಿಲ್ಲ, ಒಂದು ಪದವನ್ನೂ ಅರಿಯುವುದಿಲ್ಲ. ಓದದೆ ಇಟ್ಟುಕೊಂಡರೆ ಋಷಿಋಣ ತೀರಿತೇ? ಪೂರ್ತಿ ತೀರದು. ಆದರೆ ಅತ್ತಿಮಬ್ಬೆಯೂ ಸಾವಿರ ಪ್ರತಿಯನ್ನು ತಾನೇ ಕುಳಿತು ಬರೆದವಳಲ್ಲ. ಬರೆಯುವವರಿಗೆ ಅನ್ನ, ಓಲೆ, ಹಣ ಒದಗಿಸಿದಳು. ಓದುವವರಿಗೆ ಓದಲು ಸಿಗುವಂತೆ ಮಾಡುವುದೂ ಋಣದ ಒಂದು ಭಾಗವೇ.

ಓದದೆ ಇಟ್ಟುಕೊಂಡವರಿಂದ ಉಳಿದದ್ದಕ್ಕೆ ಕನ್ನಡದಲ್ಲಿ ದೊಡ್ಡ ಸಾಕ್ಷಿ ವಚನ ಸಾಹಿತ್ಯ. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕುದಿಕ್ಕಿಗೆ ಚದುರಿದರು ಎಂಬ ನೆನಪು ಪರಂಪರೆಯಲ್ಲಿದೆ. ಕಟ್ಟುಗಳು ಮನೆಮನೆಯ, ಮಠಮಠದ ಜಗುಲಿ ಸೇರಿದವು. ಎಷ್ಟೋ ಕಡೆ ಅವಕ್ಕೆ ಪೂಜೆ ನಡೆಯುತ್ತಿತ್ತು, ಬಿಚ್ಚಿ ಓದುವುದು ನಿಂತಿತ್ತು. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಊರೂರು ಅಲೆದು ಆ ಕಟ್ಟುಗಳನ್ನು ಕೇಳಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಮುಂದೆ ತಾವೇ ಮುದ್ರಣಾಲಯ ನಡೆಸಿದರು. ಹಳಕಟ್ಟಿಯವರ ಹೆಸರು ನಮಗೆ ಗೊತ್ತು. ಅರ್ಥ ತಿಳಿಯದೆಯೂ ತಲೆಮಾರುಗಟ್ಟಲೆ ಕಟ್ಟನ್ನು ಕೆಳಗಿಡದ ಮನೆಗಳವರ ಹೆಸರು ಗೊತ್ತಿಲ್ಲ. ತನ್ನದಲ್ಲದ, ತನಗೆ ತಿಳಿಯದ ತುಣುಕನ್ನು ಹಿಡಿದುಕೊಂಡಿರುವ ಬ್ರೌಸರ್‌ನ ಒಡೆಯ ಸೇರುವುದು ಅವರ ಸಾಲಿಗೆ.

ಇದಕ್ಕೆ ಎದುರಾದ ಇನ್ನೊಂದು ಕಥೆ ಮೂಡುಬಿದಿರೆಯದು. ದಿಗಂಬರ ಜೈನರ ಮೂಲಾಗಮವಾದ ಷಟ್ಖಂಡಾಗಮ, ಅದರ ಮೇಲೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆ, ಇವುಗಳ ಹಳಗನ್ನಡ ಲಿಪಿಯ ತಾಳೆಪ್ರತಿಗಳು ಶತಮಾನಗಳ ಕಾಲ ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಮಾತ್ರ ಇದ್ದವು. ಭಕ್ತರು ದೂರದಿಂದ ಬಂದು ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಗರಿಗಳು ಸವೆಯುತ್ತಿರುವುದನ್ನು ಕಂಡು, ಬಸದಿಯಲ್ಲೇ ಇಡಲು ಹೊಸ ಪ್ರತಿ ಮಾಡಿಸಲಾಯಿತು. ಆ ಕೆಲಸಕ್ಕೆ ಕುಳಿತ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ತಲುಪಿತು, ಅಲ್ಲಿಂದ ಪ್ರತಿಗೆ ಪ್ರತಿ ಹುಟ್ಟಿತು. 1939ರಲ್ಲಿ ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ ಅಚ್ಚಾದದ್ದು ಆ ಪ್ರತಿಗಳ ಬಲದಿಂದ.

ಜೈನಧರ್ಮದಲ್ಲಿ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು, ಅದತ್ತಾದಾನ. ಉಪಾಧ್ಯಾಯರು ಮಾಡಿದ್ದು ಯಾವುದು? ಬಸದಿಯಿಂದ ಒಂದು ಗರಿಯೂ ಕಡಿಮೆಯಾಗಲಿಲ್ಲ. ಆದರೆ ನಂಬಿಕೆಯಿಂದ ಒಳಗೆ ಬಿಟ್ಟವರಿಗೆ ಹೇಳದೆ ಮಾಡಿದ ಕೆಲಸ ಅದು. ಕಳವೇ ಎಂದು ಬರೆದುಬಿಡುವುದು ಸುಲಭ, ವೀರಕಾರ್ಯ ಎಂದು ಹೊಗಳುವುದೂ ಸುಲಭ. ನ್ಯಾಯವಾಗಿ ನೋಡಿದರೆ ಇಬ್ಬರಿಗೂ ಸಲ್ಲಬೇಕಾದದ್ದು ಸಲ್ಲಬೇಕು. ಮೂಡುಬಿದಿರೆಯವರು ಬಿಗಿಯಾಗಿ ಕಾಯದಿದ್ದರೆ ನಕಲು ಮಾಡಲು ಮೂಲವೇ ಇರುತ್ತಿರಲಿಲ್ಲ. ಪ್ರತಿ ಹೊರಗೆ ಬರದಿದ್ದರೆ, ಒಂದು ಅಗ್ನಿ ಅನಾಹುತಕ್ಕೆ ಇಡೀ ಆಗಮ ಅಡವಾಗಿ ಉಳಿಯುತ್ತಿತ್ತು. ಮುಂದೆ ಮೂಡುಬಿದಿರೆಯವರೇ ಮೂಲದೊಂದಿಗೆ ಪಾಠ ಹೋಲಿಸಲು ಅವಕಾಶ ಕೊಟ್ಟರು ಎಂಬುದು ಈ ಕಥೆಯ ಅತ್ಯಂತ ಒಳ್ಳೆಯ ಭಾಗ. ಯಾರಿಗೆ ಓದುವ ಅಧಿಕಾರ ಎಂಬ ಗೆರೆಗಳು ನಮ್ಮ ಎಲ್ಲ ಪರಂಪರೆಗಳಲ್ಲೂ ಇದ್ದವು. ಹೆಂಗಸರನ್ನು, ದುಡಿಯುವ ಜಾತಿಗಳನ್ನು ಹೊರಗಿಟ್ಟ ಗೆರೆಗಳಿಂದ ಜ್ಞಾನಕ್ಕಾದ ನಷ್ಟವನ್ನು ಯಾವ ದಕ್ಷತೆಯೂ ತುಂಬಿಕೊಡಲಾರದು. ತುಣುಕು ಕೇಳಿದ ಬ್ರೌಸರ್‌ನ ಕುಲ ಯಾವುದೆಂದು ಇನ್ನೊಂದು ಬ್ರೌಸರ್ ಕೇಳುವುದಿಲ್ಲ. ಇದು ಈ ತಂತ್ರದ ಬಹು ದೊಡ್ಡ ಗುಣ.

ಅದತ್ತಾದಾನದ ಪ್ರಶ್ನೆ ತಿರುಗಿ ತಂತ್ರಜ್ಞರ ಕಡೆಗೂ ಬರುತ್ತದೆ. 2017ರಲ್ಲಿ ಕಾಯಿನ್‌ಹೈವ್ ಎಂಬ ಸೇವೆಯನ್ನು ಬಳಸಿ ಎಷ್ಟೋ ತಾಣಗಳು ಭೇಟಿಕೊಟ್ಟವರ ಬ್ರೌಸರ್‌ನಲ್ಲಿ ಅವರಿಗೆ ತಿಳಿಸದೆ ಗುಪ್ತನಾಣ್ಯ ಗಣಿಗಾರಿಕೆ ನಡೆಸಿದವು. ಫ್ಯಾನು ಕಿರುಚುತ್ತಿತ್ತು, ಬ್ಯಾಟರಿ ಕರಗುತ್ತಿತ್ತು, ಲಾಭ ಇನ್ನಾರಿಗೋ ಹೋಗುತ್ತಿತ್ತು. ಪುಸ್ತಕ ಹಂಚುವಂಥ ಒಳ್ಳೆಯ ಕೆಲಸಕ್ಕೇ ಆದರೂ, ಬಿಟಿಎಂ ಲೇಔಟಿನ ಪಿಜಿಯಲ್ಲಿ ದಿನಕ್ಕಿಷ್ಟು ಡೇಟಾ ಎಂದು ಅಳೆದು ಬಳಸುವ ಹುಡುಗಿಯ ಫೋನಿನಿಂದ ಕೇಳದೆ ಅಪ್‌ಲೋಡ್ ಮಾಡಿದರೆ ಅದೂ ಕೊಡದ್ದನ್ನು ತೆಗೆದುಕೊಂಡಂತೆಯೇ. ನೇರ ಸಂಪರ್ಕದಲ್ಲಿ ಒಬ್ಬರ ಐಪಿ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ ಎಂಬುದನ್ನೂ ಮೊದಲೇ ಹೇಳಬೇಕು. ಮೊಬೈಲ್ ಡೇಟಾದಲ್ಲಿದ್ದಾಗ ಪಡೆಯುವುದಷ್ಟೇ ಇರಲಿ. ವೈಫೈ ಸಿಕ್ಕಾಗ, ಚಾರ್ಜಿಗೆ ಹಾಕಿದಾಗ, ಸ್ಪಷ್ಟವಾಗಿ ಒಪ್ಪಿದಾಗ ಮಾತ್ರ ಕೊಡುವುದಿರಲಿ. ಋಣ ಎಂದಮಾತ್ರಕ್ಕೆ ಜಪ್ತಿ ಮಾಡಿ ವಸೂಲು ಮಾಡುವ ಹಕ್ಕು ಯಾರಿಗೂ ಬರುವುದಿಲ್ಲ. ದಕ್ಷತೆ ಇಲ್ಲಿ ನೀತಿಯ ಪ್ರಶ್ನೆಯೇ ಆಗಿಬಿಡುತ್ತದೆ: ಹೊರೆ ಹಗುರವಾದಷ್ಟೂ ಒಪ್ಪಿ ಹೊರುವವರು ಹೆಚ್ಚುತ್ತಾರೆ.

ಬ್ರೌಸರ್‌ಗಳ ಮೇಲೇ ಎಲ್ಲವನ್ನೂ ನಿಲ್ಲಿಸಬೇಕೆಂಬ ಉತ್ಸಾಹವನ್ನು ಒಪ್ಪುವುದು ಕಷ್ಟ. ಏಳು ದಿನಕ್ಕೆ ಅಳಿಸುವ ಜಾಗವನ್ನು ಭಂಡಾರ ಎನ್ನಲಾಗದು. ಅಲ್ಲಿ ಗ್ರಂಥ ಸಂಚರಿಸಬಹುದು, ನೆಲೆಸಲಾರದು. ಹೊರಡದೆ ಕೂರುವ ಒಬ್ಬ ಪಾಲಕ ಬೇಕೇ ಬೇಕು; ಎನ್.ಆರ್. ಕಾಲೊನಿಯ ಬಿ.ಎಂ.ಶ್ರೀ ಪ್ರತಿಷ್ಠಾನದಂತೆ ಹಸ್ತಪ್ರತಿಗಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಸಂಸ್ಥೆಗಳಿಗೆ ಈ ಪಾಲಕತನ ಹೊಸದೇನಲ್ಲ. ಟ್ಯಾಬ್‌ಗಳೆಲ್ಲ ಮುಚ್ಚಿದಾಗ ಆ ಪಾಲಕನ ಸರ್ವರ್ ಕೊಡುತ್ತದೆ. ಸರ್ವರ್ ಮೇಲೆ ದಾಳಿಯಾದಾಗ, ಬಿಲ್ಲು ಕಟ್ಟದೆ ನಿಂತಾಗ, ಟ್ಯಾಬ್‌ಗಳು ಕೊಡುತ್ತವೆ. ವೆಬ್‌ಟೊರೆಂಟ್‌ನಲ್ಲಿ ಇಂಥ ಜೋಡಣೆಗೆ ಈಗಲೇ ಅವಕಾಶವಿದೆ. ಪಾಲಕ ಕಾಲಕಾಲಕ್ಕೆ ಎಲ್ಲ ತುಣುಕುಗಳ ಹ್ಯಾಶ್ ಮರಳಿ ತಾಳೆ ನೋಡಬೇಕು. ಷಟ್ಖಂಡಾಗಮ ಪೂರ್ಣಗೊಂಡ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಆಚರಿಸುವ ಶ್ರುತಪಂಚಮಿಯಲ್ಲಿ ಬಸದಿಗಳವರು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುತ್ತಾರೆ. ವರ್ಷಕ್ಕೊಮ್ಮೆ ಎಂಬುದು ಓಲೆಗರಿಗೆ ಸರಿ; ಡಿಸ್ಕಿಗೆ ತಿಂಗಳಿಗೊಮ್ಮೆ ಬೇಕು.

ಯಾವ ಪುಸ್ತಕದಿಂದ ಆರಂಭಿಸುವುದು ಎಂಬುದಕ್ಕೂ ಉತ್ತರ ಸಿದ್ಧವಿದೆ. ಭಾರತದ ಕಾನೂನಿನಲ್ಲಿ ಲೇಖಕರು ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುವೆಂಪು 1994ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳನ್ನು 2054ರ ಕೊನೆಯವರೆಗೆ ಅನುಮತಿಯಿಲ್ಲದೆ ಹೀಗೆ ಹಂಚುವುದು ತಪ್ಪು. ಹಳಕಟ್ಟಿಯವರು ತೀರಿದ್ದು 1964ರಲ್ಲಿ. 2025ರ ಜನವರಿ 1ರಿಂದ ಅವರ ಬರಹಗಳು ಎಲ್ಲರವು. ‘ವಚನಶಾಸ್ತ್ರಸಾರ’ದ ಸ್ಕ್ಯಾನ್ ಒಂದು 40 ಎಂಬಿ ಆಯಿತೆಂದುಕೊಂಡರೆ 256 ಕಿಲೋಬೈಟ್‌ನ 160 ತುಣುಕುಗಳು. ಒಬ್ಬ ಕಾಯಂ ಪಾಲಕ, ಜಯನಗರ–ಬನಶಂಕರಿ–ಜೆ.ಪಿ. ನಗರಗಳಲ್ಲಿ ಹಗಲು ತೆರೆದಿರುವ ಹತ್ತು ಟ್ಯಾಬ್, ಕ್ಯಾಲಿಫೋರ್ನಿಯ, ನ್ಯೂಜೆರ್ಸಿಗಳಲ್ಲಿ ಇನ್ನೊಂದು ಹತ್ತು. ಪ್ರತಿಯೊಬ್ಬರಲ್ಲೂ ಪೂರ್ಣ ಪ್ರತಿ. ಪುಟ ತೆರೆದಾಗ ಓದುಗರಿಗೆ ಕನ್ನಡದಲ್ಲಿ ಎರಡು ಸಾಲು ಕಾಣಲಿ: ಈ ಪುಸ್ತಕವನ್ನು ನಿಮಗೆ ತಂದುಕೊಟ್ಟವರು ಇಷ್ಟು ಮಂದಿ ಓದುಗರು, ನೀವು ಒಪ್ಪಿದರೆ ನಿಮ್ಮ ಬ್ರೌಸರ್ ಮುಂದಿನವರಿಗೆ ಕೊಡುತ್ತದೆ, ಇಷ್ಟು ಜಾಗ, ಇಷ್ಟು ಡೇಟಾ ಬೇಕಾಗುತ್ತದೆ. ಒಪ್ಪುವ ಗುಂಡಿಯ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಬೇಡ ಎನ್ನುವ ಗುಂಡಿಯೂ ಇರಲಿ.